ಉಗ್ರಾಣದ ಬೀಗದ ಕೈ

ಸಾಹುಕಾರ ಚೆನ್ನವೀರಪ್ಪನವರು ಅಡುಗೆಯ ಸಾತಕ್ಕನ ಮೇಲೆ ಹರಿಹಾಯ್ದರು. "ತಿಂಗಳು ಮುಗಿಯೋ ಮೊದಲೇ ಕಾಫಿಪುಡಿ, ಸಕ್ಕರೆ ಎಲ್ಲ ಖಾಲಿ! ಉಗ್ರಾಣಕ್ಕೆ ಕಳ್ಳ ಬಿದ್ದಿದ್ದಾನೆ. ಹಿಡಿದುಕೊಡು, ಇಲ್ಲ ಕೆಲಸ ಬಿಡು."

ಸಾತಕ್ಕ ಉಗ್ರಾಣಕ್ಕೆ ಬೀಗ ಜಡಿದು, ಬೀಗದ ಕೈ ತಂದು ಅವರ ಮುಂದಿಟ್ಟಳು. "ಇನ್ನು ಎಲ್ಲ ನೀವೇ ಅಳೆದುಕೊಡಿ, ಯಜಮಾನರೇ."

ಜಗಲಿಗೆ ಯಾರು ಬಂದರೂ "ಕಾಫಿ ತಾ, ಉಪ್ಪಿಟ್ಟು ತಾ" ಎಂದು ಕೂಗುವುದು ಸಾಹುಕಾರರ ಚಾಳಿ. ಈಗ ಕೂಗಿದಾಗಲೆಲ್ಲ ಸಾತಕ್ಕ ಪಾತ್ರೆ ಹಿಡಿದು ಎದುರು ನಿಲ್ಲುತ್ತಿದ್ದಳು. ಮಂಡಿನೋವಿನ ಸಾಹುಕಾರರೇ ಎದ್ದು ಹೋಗಿ ಬೀಗ ತೆಗೆಯಬೇಕು. ಬರಬರುತ್ತ ಕೂಗು ಕಡಿಮೆಯಾಯಿತು. ತಿಂಗಳು ಮುಗಿದರೂ ಡಬ್ಬಿಯಲ್ಲಿ ಸಕ್ಕರೆ ಉಳಿಯಿತು.

"ಕಳ್ಳ ಓಡಿಹೋದ ನೋಡು!" ಎಂದು ಸಾಹುಕಾರರು ಹಿಗ್ಗಿದರು. "ಯಾರೂಂತ ಗೊತ್ತಾಯಿತಾ?"

"ಗೊತ್ತಾಯಿತು. ಆದರೆ ನಿಮ್ಮನ್ನ ಹಿಡಿದು ನಿಮ್ಮ ಕೈಗೇ ಹೇಗೆ ಕೊಡಲಿ, ಯಜಮಾನರೇ?"

ಸಾಹುಕಾರರು ಕೆಮ್ಮಿದರು. "ಕಾಫಿ" ಎನ್ನಹೋಗಿ, ಮಂಡಿ ನೀವಿಕೊಂಡು, "ನೀರು ತಾ" ಎಂದರು.