ಗೀರು ಹಿಡಿದು ನಡೆದವಳು

ಸುಟ್ಟ ಅಂಗೈಯೊಂದರ ಗಾಯದ ಅಂಚಿನಲ್ಲಿ ಅಕ್ಕತಂಗಿಯರಾದ ಎರಡು ಜೀವಕೋಶಗಳಿದ್ದವು. ಅವರು ಆಚೆ ದಡ ಸೇರಿದರೆ ಗಾಯ ಮುಚ್ಚುತ್ತಿತ್ತು, ತಡವಾದರೆ ಕೀವು ತುಂಬುತ್ತಿತ್ತು. ವೈದ್ಯರು ಗಾಯದ ಮೇಲೆ ಎರಡು ತೆಳುವಾದ ಪಟ್ಟಿಗಳನ್ನು ಹಾಸಿದರು. ಒಂದು ಕನ್ನಡಿಯಂತೆ ನುಣುಪಾಗಿತ್ತು, ಇನ್ನೊಂದರ ಮೈತುಂಬ ಸಣ್ಣ ಗೀರುಗಳಿದ್ದವು.

“ನನ್ನ ಮೇಲೆ ಯಾವ ದಿಕ್ಕಿಗಾದರೂ ಹೋಗಬಹುದು,” ಎಂದಿತು ನುಣುಪು ಪಟ್ಟಿ.

“ನನ್ನ ಮೇಲೆ ಗೀರು ಹೋದತ್ತ ಮಾತ್ರ,” ಎಂದಿತು ಇನ್ನೊಂದು.

“ನಾನೇನು ಗಾಣದ ಎತ್ತೇ?” ಎಂದು ತಂಗಿ ನುಣುಪು ಪಟ್ಟಿಯನ್ನು ಹತ್ತಿ, ಸುತ್ತಲೂ ತನ್ನ ಹತ್ತಾರು ಕಾಲುಗಳನ್ನು ಚಾಚಿದಳು. ಒಂದು ಕಾಲು ಎಳೆದತ್ತ ಇನ್ನೊಂದು ಬರಲಿಲ್ಲ. ನಡುದಾರಿಯಲ್ಲೇ ನಿಂತಳು. ಅಕ್ಕ ಗೀರಿನ ಅಂಚು ಹಿಡಿದು, ಮೈಯನ್ನು ನೀಳ ಮಾಡಿಕೊಂಡು, ಆಚೆ ದಡ ಸೇರಿದಳು.

“ಅಕ್ಕಾ, ನೀನು ಗೀರು ಹೇಳಿದಂತೆ ಕೇಳಿದೆ!” ಎಂದು ತಂಗಿ ಕೂಗಿದಳು.

“ಹೌದು ಕಣೇ, ಕೇಳಿದೆ,” ಎಂದು ಅಕ್ಕ ದಡದಿಂದ ತನ್ನ ಕಾಲು ಚಾಚಿದಳು. “ಇದನ್ನು ಹಿಡಿದುಕೊ. ಮಿಕ್ಕ ಕಾಲುಗಳನ್ನೆಲ್ಲ ಎತ್ತಿಬಿಡು.”

ಹಿಡಿಯುವುದು ತಂಗಿಗೆ ಸುಲಭವಾಯಿತು. ಎತ್ತುವುದಕ್ಕೇ ಬಹಳ ಹೊತ್ತು ಹಿಡಿಯಿತು. ಕೊನೆಯ ಕಾಲನ್ನೂ ಎತ್ತಿದ ಮೇಲೆ ಅಕ್ಕ ಅವಳನ್ನು ದಡಕ್ಕೆ ಎಳೆದುಕೊಂಡಳು, ಗಾಯ ಮುಚ್ಚಿತು.