ಹತ್ತು ಸಲ ಬರೆದ ರಜಾ ಚೀಟಿ

“ಗುರುಗಳೇ, ತಪ್ಪು ಕಂಡಾಗ ತಿದ್ದುವುದು ಪಾಪವೇ?” ಎಂದು ಶಿಷ್ಯನು ಕೇಳಿದ.

ಅವನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಮಠಕ್ಕೆ ಬಂದವನು. ಮಠದ ಕಾಗದಪತ್ರಗಳನ್ನೆಲ್ಲ ಅವನೇ ನೋಡಿ ತಿದ್ದುತ್ತಿದ್ದ. ಅಂದು ಅವನ ಮುಖ ಸಣ್ಣದಾಗಿತ್ತು.

“ಏನಾಯಿತು, ಹೇಳು,” ಎಂದರು ಗುರುಗಳು.

“ಬೆಳಿಗ್ಗೆ ದಾಸೋಹದ ಸಾಲಿನಲ್ಲಿ ಪರರಾಜ್ಯದ ಕೂಲಿಯವನೊಬ್ಬ ಊಟಕ್ಕೆ ಕೂತಿದ್ದ. ಅವನಿಗೆ ಕನ್ನಡ ಬರದು. ಬಡಿಸಲು ಹೋದ ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತು ತೆಗೆದ. ‘ಮೈ ಬ್ರದರ್ ಆರ್’ ಎಂದ. ಒಬ್ಬನಾದರೆ ‘ಈಸ್’ ಎನ್ನಬೇಕು ಎಂದೆ. ‘ಐ ಕೇಮ್ಡ್’ ಎಂದ. ‘ಕೇಮ್’ ಸಾಕು ಎಂದೆ. ‘ಯು ಕ್ಯಾನ್ ಹೆಲ್ಪಿಂಗ್’ ಎಂದ. ಅದನ್ನೂ ಸರಿಮಾಡಿದೆ. ಸಾಲಿನಲ್ಲಿದ್ದವರು ನಕ್ಕರು. ಅವನು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋದ. ಊಟದ ನಡುವೆ ಅತಿಥಿ ಎಲೆ ಬಿಟ್ಟು ಎದ್ದದ್ದು ಈ ಮಠದಲ್ಲಿ ಇದೇ ಮೊದಲು ಎಂದು ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ. ಆದರೆ ಗುರುಗಳೇ, ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.”

“ಕೂತುಕೋ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದ. ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವನ ಕತೆ ಕೇಳಿ ಯಾರೂ ನಾಚಿಕೊಳ್ಳುವುದಿಲ್ಲ.

ಅವನು ಓದುತ್ತಿದ್ದ ಕಾಲದಲ್ಲಿ ಒಮ್ಮೆ ತಪಾಸಣೆಗೆ ಬಂದ ಸಾಹೇಬರೆದುರು ಎದ್ದು ನಿಂತು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದ್ದ. ಅದರಲ್ಲಿ ಎರಡು ತಪ್ಪಿದ್ದವು. ಸಾಹೇಬರು ಅದನ್ನು ಅವನ ದನಿಯಲ್ಲೇ ತಿರುಗಿ ಹೇಳಿ ತೋರಿಸಿದರು. ತರಗತಿಯೆಲ್ಲ ನಕ್ಕಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಅಂಥ ಹೊತ್ತಿನಲ್ಲಿ ಭೂಮಿ ಯಾರ ಮಾತನ್ನೂ ಕೇಳುವುದಿಲ್ಲ. ಅವನು ನಿಂತೇ ಇದ್ದ, ಅವರು ನಗುತ್ತಲೇ ಇದ್ದರು. ನಾನು ಕಲಿಸಿದ ಮಗು ಯಾರೆದುರೂ ಹೀಗೆ ನಗೆಪಾಟಲಾಗಬಾರದು ಎಂದು ಅಂದೇ ಪಣ ತೊಟ್ಟ.

ಪಣವೇನೋ ಒಳ್ಳೆಯದೇ. ಮೇಷ್ಟ್ರಾದ ಮೇಲೆ ಕೆಂಪು ಪೆನ್ನು ಅವನ ಜೇಬು ಬಿಡಲಿಲ್ಲ. ‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ, ‘ಡಿಡ್’ ಬಂದ ಮೇಲೆ ‘ವೆಂಟ್’ ಯಾಕೆ ಬರಬಾರದು, ‘ರಿಟರ್ನ್’ ಎಂದಮೇಲೆ ‘ಬ್ಯಾಕ್’ ಯಾಕೆ ಬೇಡ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಅಂಗಡಿಯ ಬೋರ್ಡನ್ನೂ ಬಿಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ ಲಗ್ನಪತ್ರಿಕೆ ಬಂದರೆ ಕೂತು ತಿದ್ದುತ್ತಿದ್ದ, ಲಗ್ನಕ್ಕೆ ಹೋಗುವುದನ್ನು ಮರೆಯುತ್ತಿದ್ದ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತು ಒಲೆಗೆ ಎಸರಿಡುವುದನ್ನೇ ಮರೆತವರನ್ನು ನೀನೂ ನೋಡಿರಬೇಕು.

ಅವನ ಶಾಲೆಯಲ್ಲಿ ಒಂದು ನಿಯಮವಿತ್ತು. ಅವನೇ ಮಾಡಿದ್ದು. ರಜಾ ಚೀಟಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡದ ಚೀಟಿ ತೆಗೆದುಕೊಳ್ಳುವುದಿಲ್ಲ, ಬಾಯಿಮಾತೂ ನಡೆಯುವುದಿಲ್ಲ. ಚೀಟಿ ಸರಿಯಿದ್ದರೆ ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಮಾಡುತ್ತಿದ್ದ. ಅಕ್ಷರ ಬಾರದ ತಂದೆತಾಯಿಗಳಿಗೂ ಅದು ಗೊತ್ತಿತ್ತು. ಕೆಂಪು ಸಹಿ ಬಿತ್ತೆಂದರೆ ರಜೆ ಸಿಕ್ಕಿತು ಎಂದರ್ಥ.

ಮಕ್ಕಳು ಬುದ್ಧಿವಂತರು. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರು. ಅದರಲ್ಲಿ ತಿದ್ದಲು ಏನೂ ಇರಲಿಲ್ಲ. ಹೀಗಾಗಿ ಆ ಊರಿನಲ್ಲಿ ಮದುವೆಯಾದರೂ ಜ್ವರ, ಹಬ್ಬವಾದರೂ ಜ್ವರ, ಆಕಳು ಕರು ಹಾಕಿದರೂ ಜ್ವರ. ಮೇಷ್ಟ್ರು ಖುಷಿಯಿಂದ ಸಹಿ ಮಾಡುತ್ತಿದ್ದ.

ಆ ಶಾಲೆಯ ಏಳನೆಯ ತರಗತಿಯಲ್ಲಿ ಮಾಳವ್ವ ಎಂಬ ಹುಡುಗಿ ಇದ್ದಳು. ಕೊನೆಯ ಸಾಲಿನಲ್ಲಿ ಕೂರುವವಳು, ಕೇಳಿದರೆ ಮಾತ್ರ ಮಾತನಾಡುವವಳು. ದೀಪಾವಳಿ ಮುಗಿದ ಮೇಲೆ ಅವಳ ಅಪ್ಪ ಅವ್ವ ಕಬ್ಬು ಕಡಿಯಲು ದೂರದ ನಾಡಿಗೆ ಕೂಲಿಯವರ ಗ್ಯಾಂಗಿನ ಜೊತೆ ಹೊರಟುನಿಂತರು. ಹೋದರೆ ಮರಳುವುದು ಬೇಸಗೆಯಲ್ಲಿ, ಪರೀಕ್ಷೆ ಮುಗಿದ ಮೇಲೆ. ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು. ಅದನ್ನು ನೋಡಿಕೊಳ್ಳಲು ಮಾಳವ್ವನೂ ಬರಲಿ ಎಂದು ಮಾತಾಯಿತು. ಅವಳ ದೊಡ್ಡವ್ವ ಮಾತ್ರ, ಹುಡುಗಿ ಓದಲಿ, ಬೇಕಾದರೆ ನಾನು ಈ ವರ್ಷ ಗ್ಯಾಂಗಿಗೆ ಹೋಗದೆ ಅವಳ ಜೊತೆ ಊರಲ್ಲೇ ಇರುತ್ತೇನೆ ಎಂದಳು. ಅಪ್ಪ ಯೋಚಿಸಿ ಒಂದು ಮಾತು ಹೇಳಿದ.

“ಮಾಸ್ತರ ಬ್ಯಾಡ ಅಂದ್ರ ಬಿಟ್ಟು ಹೋಗೂಣು. ಹ್ಞೂಂ ಅಂದ್ರ ಕರಕೊಂಡು ಹೋಗೂಣು. ಅವರನ್ನ ಕೇಳಿಕೊಂಡು ಬಾ.”

ಲಾರಿ ಸೋಮವಾರ ಬೆಳಿಗ್ಗೆ ಬರುವುದಿತ್ತು. ಗುರುವಾರ ಮಾಳವ್ವ ಚೀಟಿ ಬರೆದಳು. ಜ್ವರ ಎಂದು ಬರೆದರೆ ಸಹಿ ಬಿದ್ದು ಕೆಲಸ ಕೆಡುತ್ತದೆ ಎಂದು ಅವಳಿಗೆ ತಿಳಿದಿತ್ತು. ಆ ಶಾಲೆಯಲ್ಲಿ ಮೊಟ್ಟಮೊದಲು ಇಂಗ್ಲಿಷಿನಲ್ಲಿ ತನ್ನ ಮಾತನ್ನು ತಾನೇ ಬರೆದವಳು ಅವಳು. ಅಪ್ಪ ಅವ್ವ ಕಬ್ಬು ಕಡಿಯಲು ಹೋಗುತ್ತಿದ್ದಾರೆ. ಸೋಮವಾರ ನನ್ನನ್ನೂ ಕರೆದೊಯ್ಯುತ್ತಾರೆ. ನನಗೆ ಹೋಗಲು ಮನಸ್ಸಿಲ್ಲ. ನೀವು ಅಪ್ಪನಿಗೆ ಹೇಳಿ. ಅವನು ನಿಮ್ಮ ಮಾತು ಕೇಳುತ್ತಾನೆ. ಇಷ್ಟೇ. ಐದು ವಾಕ್ಯ ಕೂಡಿಸಲು ಅವಳಿಗೆ ಒಂದು ಸಂಜೆ ಪೂರ್ತಿ ಹಿಡಿಯಿತು.

ಮೇಷ್ಟ್ರು ಚೀಟಿ ತೆಗೆದುಕೊಂಡ. ಪೆನ್ನಿನ ಟೊಪ್ಪಿಗೆ ತೆಗೆದ. ‘ಮೈ ಫಾದರ್ ಮದರ್ ಈಸ್ ಗೋಯಿಂಗ್’ ಎಂದಿತ್ತು. ಇಬ್ಬರಾದರೆ ‘ಆರ್’ ಎಂದು ತಿದ್ದಿದ. ‘ಐ ಆಮ್ ನಾಟ್ ವಾಂಟ್ ಟು ಗೋ’ ಎಂದಿತ್ತು. ‘ಆಮ್’ ಹೊಡೆದು ‘ಡು’ ಎಂದು ಬರೆದ. ‘ಟೆಲ್ ಟು ಮೈ ಫಾದರ್’ ಎಂಬಲ್ಲಿ ‘ಟು’ ತೆಗೆದ. ‘ಹಿ ವಿಲ್ ಹಿಯರ್ಸ್ ಯು’ ಎಂಬುದನ್ನು ಪೂರಾ ಬದಲಿಸಿ ‘ಹಿ ವಿಲ್ ಲಿಸನ್ ಟು ಯು’ ಎಂದು ಮಾಡಿದ. ಒಟ್ಟು ಒಂಬತ್ತು ತಪ್ಪು. ಆದರೂ ಅವನಿಗೆ ಸಂತೋಷವಾಯಿತು. ಸ್ವಂತ ವಾಕ್ಯ ಬರೆದಿದ್ದಾಳಲ್ಲ, ಇವಳನ್ನು ತಿದ್ದಿದರೆ ಮುಂದೆ ಬರುತ್ತಾಳೆ ಎಂದುಕೊಂಡ. ತಪ್ಪಿಲ್ಲದೆ ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಟ್ಟ.

“ನಾಳಿಗೆ ಇದನ್ನ ಹತ್ತು ಸಲ ಬರಕೊಂಡು ಬಾ,” ಎಂದ. ಅವಳ ಚೀಟಿಯನ್ನು ಉಳಿದ ಚೀಟಿಗಳ ಜೊತೆ ಕಪಾಟಿನಲ್ಲಿಟ್ಟ.

ಮಾಳವ್ವ ಮರುದಿನ ಹತ್ತು ಸಲ ಬರೆದು ತಂದಳು. ಹೋಗಲು ಮನಸ್ಸಿಲ್ಲ ಎಂದು ಹತ್ತು ಸಲ. ಅಪ್ಪನಿಗೆ ಹೇಳಿ ಎಂದು ಹತ್ತು ಸಲ. ಮೇಷ್ಟ್ರು ಒಂದೊಂದನ್ನೂ ನೋಡಿದ. ಹತ್ತು ಸಲವೂ ಸರಿಯಿತ್ತು. ಹತ್ತು ಕಡೆ ಕೆಂಪು ಗುರುತು ಹಾಕಿ, ಕೊನೆಯಲ್ಲಿ ‘ಗುಡ್’ ಎಂದು ಬರೆದು, ರೂಢಿಯಂತೆ ಕೆಳಗೆ ಸಹಿ ಮಾಡಿದ. ಅಷ್ಟಕ್ಕೇ ಬಿಡಲಿಲ್ಲ. ಇಂಥ ತಪ್ಪು ಎಲ್ಲರೂ ಮಾಡುತ್ತಾರೆಂದು ಆ ವಾಕ್ಯಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ತರಗತಿಗೆಲ್ಲ ಹೇಳಿಕೊಟ್ಟ. ಹೋಗಲು ಮನಸ್ಸಿಲ್ಲ, ಅಪ್ಪನಿಗೆ ಹೇಳಿ ಎಂದು ನಲವತ್ತೊಂದು ಮಕ್ಕಳು ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಕೂಗಿದರು. ಮಾಳವ್ವನೂ ಅವರ ಜೊತೆ ಕೂಗಿದಳು. ಕೂಗುತ್ತ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ದನಿ ಸಾಲದು ಎಂದು ಅವನು ಇನ್ನೊಮ್ಮೆ ಹೇಳಿಸಿದ.

ಸೋಮವಾರ ಹಾಜರಿ ಕೂಗುವಾಗ ಮಾಳವ್ವನ ಹೆಸರಿಗೆ ಉತ್ತರ ಬರಲಿಲ್ಲ.

“ರಜಾ ಚೀಟಿ ಎಲ್ಲಿ?” ಎಂದು ಮೇಷ್ಟ್ರು ಗದರಿದ.

ಅವಳ ಪಕ್ಕ ಕೂರುವ ಹುಡುಗಿ ಎದ್ದು ನಿಂತಳು. “ಕೊಟ್ಟಾಳಲ್ರೀ ಸರ. ನೀವ ತಿದ್ದೀರಿ. ನಾವೆಲ್ಲಾ ಒದರೀವಿ.”

ಮೇಷ್ಟ್ರು ಕಪಾಟು ತೆರೆದು ಚೀಟಿ ಹುಡುಕಿದ. ಅದರಲ್ಲಿ ನೀಲಿಗಿಂತ ಕೆಂಪೇ ಹೆಚ್ಚಿತ್ತು. ತಾನು ಹೊಡೆದು ಹಾಕಿದ ಗೆರೆಗಳ ಅಡಿಯಲ್ಲಿ ಒಂದೊಂದೇ ಮಾತು ಹುಡುಕಿ ಓದಿದ. ತಿದ್ದುವಾಗ ಒಂದು ಸಲ, ಆಮೇಲೆ ಹತ್ತು ಸಲ ನೋಡಿದ್ದವನಿಗೆ ಹನ್ನೆರಡನೆಯ ಸಲಕ್ಕೆ ಅದು ಅರ್ಥವಾಯಿತು. ಮಕ್ಕಳೆದುರು ನಿಲ್ಲಲಾಗಲಿಲ್ಲ. ಯಾರೂ ನಗುತ್ತಿರಲಿಲ್ಲ. ಆದರೂ ಸಾಹೇಬರೆದುರು ನಿಂತ ದಿನಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಕಬ್ಬಿನ ನಾಡಿಗೆ ಹೋಗಿಬರಲು ಎರಡು ದಿನ ಬೇಕಿತ್ತು. ಹೆಡ್‌ಮಾಸ್ತರರಿಗೆ ರಜಾ ಚೀಟಿ ಬರೆಯಲು ಕೂತ. ಕಾರಣ ಏನೆಂದು ಬರೆಯಲಿ? ನಿಜ ಬರೆಯಲು ಕೈ ಏಳಲಿಲ್ಲ. ಜ್ವರ ಎಂದು ಬರೆದ. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ.

ಎರಡು ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಹೋಗಿ, ಕಬ್ಬಿನ ಗದ್ದೆಯ ಅಂಚಿನಲ್ಲಿ ಆ ಗ್ಯಾಂಗಿನ ಗುಡಿಸಲುಗಳನ್ನು ಹುಡುಕಿದ. ಮಾಳವ್ವನ ಅಪ್ಪ ಕುಡುಗೋಲು ಕೆಳಗಿಟ್ಟು ಓಡಿಬಂದ. ಕೂರಲು ಗೋಣಿಚೀಲ ಹಾಸಿ ನೀರು ಕೊಟ್ಟ.

“ಹುಡುಗಿನ್ನ ಯಾಕ ಕರಕೊಂಡು ಬಂದ್ರಿ?” ಎಂದು ಮೇಷ್ಟ್ರು ಕೇಳಿದ.

ಅಪ್ಪ ಬೆರಗಾಗಿ ನೋಡಿದ. “ನೀವ ಸಹಿ ಮಾಡೀರಲ್ರೀ ಸರ. ಆಕಿ ಬ್ಯಾರೆ ಏನೋ ಅಂತಿದ್ಲು. ಸಹಿ ಬಿದ್ದ ಮ್ಯಾಲ ಸುಳ್ಳ ಹಟ ಮಾಡಬ್ಯಾಡ ಅಂತ ನಾನ ಬೈದೆ.”

ಗುಡಿಸಲಿನ ತಡಿಕೆಗೆ ಸಿಕ್ಕಿಸಿದ್ದ ಹಾಳೆಗಳನ್ನು ಬಿಚ್ಚಿ ಭಕ್ತಿಯಿಂದ ತೋರಿಸಿದ. ಹತ್ತು ಕೆಂಪು ಗುರುತು, ಒಂದು ‘ಗುಡ್’, ಕೆಳಗೆ ಸಹಿ. ಒಂದು ಸಹಿ ಸಾಕಿತ್ತು, ಮೇಷ್ಟ್ರು ಹತ್ತು ಸಲ ಒಪ್ಪಿಗೆ ಕೊಟ್ಟಿದ್ದಾರೆ ಎಂದು ಅವನು ಎಲ್ಲರಿಗೂ ಹೇಳಿಕೊಂಡಿದ್ದನಂತೆ. ಈಗಲಾದರೂ ಕಳಿಸು ಎಂದು ಮೇಷ್ಟ್ರು ಬೇಡಿಕೊಂಡ. ಯಾರ ಹತ್ತಿರ ಕಳಿಸುವುದು? ಹುಡುಗಿ ಹೊರಟಳೆಂದು ದೊಡ್ಡವ್ವನೂ ಊರಲ್ಲಿ ನಿಲ್ಲಲಿಲ್ಲ. ಮನೆಗೆ ಬೀಗ ಹಾಕಿ ಇನ್ನೊಂದು ಗ್ಯಾಂಗಿನ ಜೊತೆ ಇನ್ನೆಲ್ಲಿಗೋ ಹೋಗಿದ್ದಳು. ಎಲ್ಲಿಗೆಂದು ಅಪ್ಪನಿಗೂ ತಿಳಿಯದು. ತಾನೇ ಇಟ್ಟುಕೊಳ್ಳೋಣವೆಂದರೆ ಮೇಷ್ಟ್ರಿಗಿದ್ದದ್ದು ಬಾಡಿಗೆಯ ಒಂಟಿ ಕೋಣೆ.

ಮಾಳವ್ವ ಕಬ್ಬಿನ ಸೋಗೆಯ ನೆರಳಿನಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದಳು. ಮೇಷ್ಟ್ರು ಅವಳ ಬಳಿ ಹೋದ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆದರೆ ಮೊದಲು ಮಾತನಾಡಿದವಳು ಅವಳೇ. ಅವಳು ಕೋಪದಿಂದ ಕೇಳಲಿಲ್ಲ. ಅವಳಿಗೂ ನಾಚಿಕೆಯಾಗಿತ್ತು.

“ಇನ್ನೂ ಎಲ್ಲ್ಯಾರ ತಪ್ಪ ಉಳದಿತ್ತೇನ್ರಿ ಸರ?” ಎಂದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. “ಆಮೇಲೆ ಮೇಷ್ಟ್ರು ಏನು ಮಾಡಿದ?” ಎಂದು ಶಿಷ್ಯ ಕೇಳಿದ.

“ಕೆಂಪು ಪೆನ್ನನ್ನು ಬಾವಿಗೆ ಎಸೆದ ಎಂದರೆ ನಿನಗೆ ಸಮಾಧಾನವಾದೀತು. ಎಸೆಯಲಿಲ್ಲ. ಮೇಷ್ಟ್ರಾದವನು ತಿದ್ದಬೇಕು, ತಿದ್ದುತ್ತಲೇ ಇದ್ದ. ಆದರೆ ಯಾವ ಚೀಟಿ ಬಂದರೂ ಮೊದಲು ಪೆನ್ನನ್ನು ಮೇಜಿನ ಮೇಲಿಟ್ಟು ಒಂದು ಸಲ ಓದುತ್ತಿದ್ದ. ಮಾಳವ್ವ ಮತ್ತೆ ಶಾಲೆಗೆ ಬರಲಿಲ್ಲ.”

“ಹಾಗಾದರೆ ತಿದ್ದುವುದು ಪಾಪವಲ್ಲ,” ಎಂದ ಶಿಷ್ಯ. ಅವನ ದನಿಯಲ್ಲಿ ಸ್ವಲ್ಪ ಧೈರ್ಯ ಬಂದಿತ್ತು. “ನಾನು ತಿದ್ದಿದ ಮೂರು ಮಾತುಗಳೂ ಸರಿಯಾಗಿಯೇ ಇದ್ದವು, ಗುರುಗಳೇ.”

“ಇದ್ದವು,” ಎಂದರು ಗುರುಗಳು. “ಬೆಳಿಗ್ಗೆ ಬಂದವನ ಒಡಹುಟ್ಟಿದವನಿಗೆ ಏನಾಗಿದೆಯಂತೆ?”