ಸಾಹೇಬರು ಬಂದರು, ಅಂಬಿಗನು ಬಂದನು

ಚಂದ್ರಪ್ರಭಾಳ ಮನೆತನ ನಾಲ್ಕು ತಲೆಮಾರಿನಿಂದ ಮರ್ಯಾದೆಗೆ ಹೆಸರಾದದ್ದು. ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಶಿರಸ್ತೇದಾರರು, ಕಲೆಕ್ಟರರ ಬಲಗೈ. ಅಜ್ಜ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ತಂದೆ ನ್ಯಾಯಾಧೀಶರು. ಆ ಮನೆಯಲ್ಲಿ ಯಾರೂ ಲಂಚ ಮುಟ್ಟಿದವರಲ್ಲ, ದನಿ ಏರಿಸಿದವರಲ್ಲ, ಊಟಕ್ಕೆ ತಡವಾಗಿ ಬಂದವರಲ್ಲ.

ಅವಳೂ ಹಾಗೆಯೇ. ಕಾನ್ವೆಂಟಿನಲ್ಲಿ ಓದಿ, ಇತಿಹಾಸದ ಪ್ರಾಧ್ಯಾಪಕಿಯಾಗಿ, ಹನ್ನೊಂದು ವರ್ಷ ಹಳೆಯ ದಾಖಲೆಗಳ ಧೂಳು ಕುಡಿದು ಕನ್ನಡದಲ್ಲಿ ಒಂದು ಪುಸ್ತಕ ಬರೆದಿದ್ದಳು. ಸಾಮ್ರಾಜ್ಯ ನಮ್ಮ ನೆಲ ಬಿಟ್ಟು ಹೋದರೂ ನಮ್ಮ ಮನಸ್ಸನ್ನು ಏಕೆ ಬಿಟ್ಟಿಲ್ಲ ಎಂಬುದು ಅದರ ವಿಷಯ.

ಹಸ್ತಪ್ರತಿ ಹಿಡಿದು ಗುರುಗಳ ಬಳಿ ಬಂದಳು. ಅವರು ಹೊಳೆಯ ದಡದ ಆಶ್ರಮದಲ್ಲಿದ್ದರು. ದಾಖಲೆ ಓದುವುದನ್ನು ಅವಳಿಗೆ ಕಲಿಸಿದವರು ಅವರೇ.

"ಮುನ್ನುಡಿ ಬೇಕು, ಗುರುಗಳೇ. ನಿಮ್ಮದಲ್ಲದೆ ಬೇರೆಯವರದು ಹಾಕುವುದಿಲ್ಲ."

"ಇದರಲ್ಲಿ ನಿನಗೆ ಮೆಚ್ಚಿನ ಪುಟ ಯಾವುದು?"

"ಮೂಕಪ್ಪನದು. ಇದೇ ಹೊಳೆಯ ಅಂಬಿಗ. ಈ ಸೀಮೆಯಲ್ಲಿ ಸಾಮ್ರಾಜ್ಯಕ್ಕೆ ಮೊದಲು 'ಆಗುವುದಿಲ್ಲ' ಎಂದವನು. ಅವನನ್ನು ಯಾರೂ ಬರೆದಿರಲಿಲ್ಲ. ನಾನು ಬರೆದೆ."

"ಹಾಗಾದರೆ ಹೊಳೆಯ ಮೇಲೆಯೇ ಓದು. ನಾನೂ ಆಚೆ ದಡಕ್ಕೆ ಹೋಗಬೇಕಾಗಿದೆ."

ದಡದಲ್ಲಿ ಯಮನೂರಪ್ಪ ಹರಿಗೋಲು ಹಿಡಿದು ನಿಂತಿದ್ದ. ಐವತ್ತು ದಾಟಿದ ಆಳು, ತಲೆಗೆ ಟವೆಲು.

"ಸರಿಯಾಗಿ ಹಿಡಿದುಕೋ ನೀನು. ಕಾಗದ ನೆನೆದರೆ ಹನ್ನೊಂದು ವರ್ಷ ಹೋಗುತ್ತದೆ," ಎಂದಳು ಚಂದ್ರಪ್ರಭಾ.

"ಕೂಡ್ರಿ ಅಮ್ಮಾರ. ನೀರು ಓದೂದಿಲ್ಲ," ಎಂದ ಯಮನೂರಪ್ಪ.

ಗುರುಗಳು ನಕ್ಕರು. ಅವಳು ನಗಲಿಲ್ಲ.

ಹರಿಗೋಲು ದಡ ಬಿಟ್ಟಿತು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಓದಿದಳು.

"ಕಲೆಕ್ಟರ್ ಸಾಹೇಬರು ದಡಕ್ಕೆ ಬಂದರು. ಶಿರಸ್ತೇದಾರರು ಅವರನ್ನು ಎದುರುಗೊಂಡರು. ಸಿಪಾಯಿಗಳನ್ನು ಆಚೆಗೆ ದಾಟಿಸಬೇಕೆಂದು ಸಾಹೇಬರು ಅಪ್ಪಣೆ ಕೊಟ್ಟರು. ಅಂಬಿಗ ಮೂಕಪ್ಪನು ಬಂದನು. ಆಗುವುದಿಲ್ಲ ಎಂದನು. ಕುಡುಗೋಲು ತೆಗೆದು ತನ್ನ ಹರಿಗೋಲಿನ ತೊಗಲನ್ನು ತಾನೇ ಹರಿದನು. ಎರಡು ವರ್ಷದ ಮೇಲೆ ಸೆರೆಮನೆಯಲ್ಲಿ ಸತ್ತನು."

ಹುಟ್ಟು ನಿಂತಿತು. ಹರಿಗೋಲು ಇದ್ದಲ್ಲಿಯೇ ನಿಧಾನವಾಗಿ ತಿರುಗತೊಡಗಿತು.

"ಏಕೆ ನಿಲ್ಲಿಸಿದೆ?" ಎಂದಳು.

"ಇನ್ನೊಮ್ಮೆ ಓದ್ರಿ ಅಮ್ಮಾರ."

ಅವಳು ಓದಿದಳು.

"ಸಾಹೇಬ್ರು ಬಂದರು. ಮೂಕಪ್ಪ ಬಂದನು," ಎಂದ ಯಮನೂರಪ್ಪ. "ಸಾಹೇಬ್ರಿಗೆ ಭಾಳ ಮರ್ಯಾದಿ ಕೊಟ್ಟೀರಿ. ಅವರು ಹೋಗಿ ಭಾಳ ದಿನ ಆತಲ್ಲರಿ."

ಚಂದ್ರಪ್ರಭಾ ಗುರುಗಳ ಕಡೆ ತಿರುಗಿದಳು. "ನಾನಾಗಿ ಏನೂ ಸೇರಿಸಿಲ್ಲ, ಗುರುಗಳೇ. ದಾಖಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದೇನೆ."

"ದಾಖಲೆ ಯಾವ ಭಾಷೆಯಲ್ಲಿತ್ತು?"

"ಇಂಗ್ಲಿಷಿನಲ್ಲಿ. ಕಲೆಕ್ಟರರೇ ಬರೆದ ವರದಿ."

"ಆ ಕಲೆಕ್ಟರ್ ಮೂಕಪ್ಪನವರನ್ನು ಏನೆಂದು ಬರೆದಿದ್ದ?"

"ಹೀ ಎಂದು."

"ಅದೇ ವರದಿಯಲ್ಲಿ ಶಿರಸ್ತೇದಾರನನ್ನು, ನಿನ್ನ ಮುತ್ತಜ್ಜನನ್ನು?"

ಅವಳು ಬಾಯಿ ತೆರೆದಳು. ಕಾನ್ವೆಂಟಿನ ವ್ಯಾಕರಣ ಅವಳಿಗೆ ಬಾಯಿಪಾಠ. ಉತ್ತರ ನಾಲಿಗೆಯ ತುದಿಯಲ್ಲಿಯೇ ಇತ್ತು.

"ಹೀ ಎಂದೇ."

"ಹಾಗಾದರೆ ಈ 'ರು' ಮತ್ತು 'ನು' ಹಡಗಿನಲ್ಲಿ ಬಂದವಲ್ಲ."

ಹರಿಗೋಲು ಇನ್ನೊಂದು ಸುತ್ತು ತಿರುಗಿತು. ಆಶ್ರಮದ ದಡ ಬಂತು, ಹೋಯಿತು. ಆಚೆ ದಡ ಬಂತು, ಹೋಯಿತು.

ಅವಳಿಗೆ ತಮ್ಮ ಮನೆಯ ಹಜಾರ ನೆನಪಾಯಿತು. ಬಾಗಿಲಿಗೆ ಬಂದವರನ್ನು ಅಜ್ಜಿ ನೋಡುತ್ತಿದ್ದದ್ದು ಅರೆಗಳಿಗೆ ಮಾತ್ರ. 'ಬನ್ನಿ' ಎನ್ನಬೇಕೋ 'ಬಾ' ಎನ್ನಬೇಕೋ ಅಷ್ಟರಲ್ಲಿ ತೀರ್ಮಾನ. ಒಮ್ಮೆಯೂ ತಪ್ಪುತ್ತಿರಲಿಲ್ಲ. ಚಂದ್ರಪ್ರಭಾಳೂ ತಪ್ಪಿರಲಿಲ್ಲ, ನಾನೂರು ಪುಟಗಳಲ್ಲಿ ಒಂದು ಕಡೆಯೂ. ಮುತ್ತಜ್ಜ 'ಸ್ವರ್ಗಸ್ಥರಾದರು' ಎಂದು ಬರೆದ ಕೈಯೇ ಅಂಬಿಗ 'ಸತ್ತನು' ಎಂದು ಬರೆದಿತ್ತು.

ಹಾಳೆಗಳನ್ನು ಮಡಿಲಲ್ಲಿ ಬೋರಲು ಹಾಕಿದಳು.

"ಮೂಕಪ್ಪನವರು ನಿಮಗೆ ಏನಾಗಬೇಕು?" ಎಂದು ಗುರುಗಳು ಅಂಬಿಗರನ್ನು ಕೇಳಿದರು.

"ನಮ್ಮ ಮುತ್ಯಾನ ಅಪ್ಪ ಆಗಬೇಕ್ರಿ. ಅಮಾಸಿಗೆ ಹುಟ್ಟು ತೊಳೆದು, ಅವರ ಹೆಸರು ಹೇಳಿ ಪೂಜೆ ಮಾಡ್ತೀವಿ. ಮನ್ಯಾಗ ಸಣ್ಣ ಹುಡುಗ್ರೂ ಅವರಿಗೆ ಏಕವಚನ ಅನ್ನಂಗಿಲ್ಲ." ಯಮನೂರಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ಪುಸ್ತಕದಾಗ ಬಂದಾರಂತ ಕೇಳಿ ಖುಷಿ ಆಗಿತ್ತು. ಮೊಮ್ಮಗಳ ಕಡೆಯಿಂದ ಓದಸ್ಬೇಕು ಅಂದ್ಕೊಂಡಿದ್ದೆ."

ಹುಟ್ಟು ಮತ್ತೆ ನೀರಿಗೆ ಬಿತ್ತು.

ಆಚೆ ದಡ ಹತ್ತಿರವಾದಾಗ ಚಂದ್ರಪ್ರಭಾ ಮೆಲ್ಲಗೆ ಹೇಳಿದಳು: "ಎಲ್ಲವನ್ನೂ ತಿದ್ದುತ್ತೇನೆ, ಗುರುಗಳೇ. ಪ್ರತಿ ಪುಟವನ್ನೂ. ಆಮೇಲೆ ಮುನ್ನುಡಿ ಬರೆದುಕೊಡುವಿರಾ?"

"ತಿದ್ದುವುದು ಕಾಗದದ ಕೆಲಸ," ಎಂದರು ಗುರುಗಳು. "ಕೇಳಿಸಿಕೊಂಡವರು ಎದುರಿಗೇ ಇದ್ದಾರೆ."

ಅವಳು ಯಮನೂರಪ್ಪನವರ ಕಡೆ ತಿರುಗಿದಳು. ಗಂಟಲು ಸರಿಮಾಡಿಕೊಂಡಳು.

"ನೋಡು ಯಮನೂರಪ್ಪ, ನನ್ನ ಉದ್ದೇಶ ಅದಾಗಿರಲಿಲ್ಲ. ನೀನು ತಪ್ಪು ತಿಳಿಯಬಾರದು. ನಮ್ಮ ಮನೆತನದಲ್ಲಿ ಯಾರೂ ಯಾರನ್ನೂ..."

ನಡುವೆಯೇ ನಿಂತಳು. ತಾನು ಆಡಿದ 'ನೀನು' ಅವಳ ಕಿವಿಗೇ ಬಿದ್ದಿತ್ತು.

ಯಮನೂರಪ್ಪ ಹರಿಗೋಲನ್ನು ದಡಕ್ಕೆ ತಂದರು. ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಅವಳು ಇಳಿಯಲೆಂದು ಅಂಚನ್ನು ಗಟ್ಟಿಯಾಗಿ ಹಿಡಿದರು.

ಅವಳು ಏಳಲು ಹೋದಳು. ಗುರುಗಳು ಕೈ ಅಡ್ಡ ಹಿಡಿದರು.

"ಮನೆತನ ಬೇಡ. ಉದ್ದೇಶ ಬೇಡ. ಅವರ ಕ್ಷಮೆ ಕೇಳು."